ಬೆಳಕು, ಕಾಲ, ಭಾರ: ಪ್ರವಾಸದ ಕ್ಯಾಮೆರಾ ಸಲಕರಣೆ ನಡೆದುಬಂದ ದಾರಿ

ಒಂದು ಫೋಟೋ ಮೂಡಲು ಮೂರು ಸಾಧನ ಬೇಕು. ಬೆಳಕನ್ನು ಕೂಡಿಸಿ ಬಿಂಬ ಮೂಡಿಸುವ ಲೆನ್ಸ್ ಒಂದು. ಆ ಬಿಂಬವನ್ನು ಹಿಡಿದಿಡುವ ಫಿಲಂ ಅಥವಾ ಸೆನ್ಸರ್ ಇನ್ನೊಂದು. ಹಿಡಿದಿಡುವಷ್ಟು ಹೊತ್ತು ಇವೆರಡನ್ನೂ ಅಲುಗದಂತೆ ನಿಲ್ಲಿಸುವ ಆಧಾರ ಮೂರನೆಯದು. ಲೆನ್ಸ್ ಕಡಿಮೆ ಬೆಳಕು ಬಿಟ್ಟರೆ ಅದು ಬೀಳಬೇಕಾದ ಹೊತ್ತು ಹೆಚ್ಚುತ್ತದೆ. ಹೊತ್ತು ಹೆಚ್ಚಿದಷ್ಟೂ ಆಧಾರ ಗಟ್ಟಿಯಾಗಿರಬೇಕು. ಆಧಾರ ಗಟ್ಟಿಯಾದಷ್ಟೂ ಹೊರುವ ಭಾರ ಏರುತ್ತದೆ. ಸುಮಾರು ಇನ್ನೂರು ವರ್ಷಗಳಿಂದ ಸಂಶೋಧಕರು ಈ ಹೊರೆಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತ, ಸಾಧ್ಯವಾದಾಗ ಇಳಿಸುತ್ತ ಬಂದಿದ್ದಾರೆ. ಇಂದು ಪ್ರವಾಸಕ್ಕೆಂದು ಹೊಸ ಲೆನ್ಸನ್ನೋ ಪುಟ್ಟ ಟ್ರೈಪಾಡನ್ನೋ ಕೊಳ್ಳಲು ಹೊರಟವರು ಮಾಡಬೇಕಾದದ್ದೂ ಇದೇ ಲೆಕ್ಕ.

ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ತನ್ನ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಲೋಹದ ಫಲಕದ ಮೇಲೆ ಮೂಡಿಸಿದಾಗ, ಬೆಳಕು ಗಂಟೆಗಟ್ಟಲೆ ಬೀಳಬೇಕಾಯಿತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಡಾಗೆರ್‌ನ ವಿಧಾನ ಆ ಗಂಟೆಗಳನ್ನು ನಿಮಿಷಗಳಿಗೆ ಇಳಿಸಿತು. ಆದರೂ ಮನುಷ್ಯರ ಮುಖ ತೆಗೆಯುವುದು ಕಷ್ಟವೇ ಆಗಿತ್ತು. ನಿಮಿಷಗಟ್ಟಲೆ ಕದಲದೆ ಯಾರು ಕೂತಾರು? ಇದಕ್ಕೆ ಪರಿಹಾರ ಬಂದದ್ದು ಲೆನ್ಸ್ ಕಡೆಯಿಂದ. ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ಒಂದು ಪೋರ್ಟ್ರೇಟ್ ಲೆನ್ಸ್ ರೂಪಿಸಿದ. ಫಿರಂಗಿ ದಳದ ಲೆಕ್ಕಿಗರು ಅವನಿಗೆ ನೆರವಾದರು, ಫೋಗ್ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಸುಮಾರು ಎಫ್ 3.6ರ ಆ ಲೆನ್ಸ್, ಡಾಗೆರ್‌ನ ಕ್ಯಾಮೆರಾದ ಲೆನ್ಸಿಗಿಂತ ಹೆಚ್ಚುಕಡಿಮೆ ಹದಿನಾರು ಪಟ್ಟು ಬೆಳಕನ್ನು ಒಳಗೆ ಬಿಡುತ್ತಿತ್ತು. ಅನುಭವದ ಮೇಲೆ ಗಾಜು ಉಜ್ಜುವ ಕೆಲಸವಾಗಿದ್ದ ಲೆನ್ಸ್ ತಯಾರಿಕೆ ಗಣಿತದ ಕೈಗೆ ಬಂದದ್ದು ಇಲ್ಲಿಂದ ಮುಂದೆ.

ಸ್ಟುಡಿಯೋದಲ್ಲಿ ಭಾರ ಅಷ್ಟೇನೂ ಕಾಡುವುದಿಲ್ಲ. ಪ್ರವಾಸದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಅದೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಸಾಮಾನ್ಯವಾಗಿ ಅಷ್ಟೇ ದೊಡ್ಡದು. ನೆಗೆಟಿವ್‌ಗೆ ಕಾಗದ ತಾಗಿಸಿ ಬಿಸಿಲಿಗೆ ಇಟ್ಟು ಪ್ರಿಂಟ್ ಮಾಡುತ್ತಿದ್ದರು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾವನ್ನೇ ಹೊರಬೇಕು, ಅದನ್ನು ಹೊರುವಂಥ ಮರದ ಟ್ರೈಪಾಡೂ ಜೊತೆಗೆ ಬರಬೇಕು. ಕರ್ನಾಟಕದ ಸ್ಮಾರಕಗಳ ಆರಂಭದ ಫೋಟೋಗಳು ಈ ಕಾಲದವು. ಮದ್ರಾಸ್ ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಚಿತ್ರಿಸಿದ. ಇಬ್ಬರೂ ಬಳಸಿದ್ದು ದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳನ್ನು. ಮೇಣ ಹಚ್ಚಿದ ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಾಗಿದ್ದರಿಂದ ಬಿಸಿಲು ನಾಡಿನ ದೂರ ಪಯಣಕ್ಕೆ ಅದು ಒಗ್ಗುತ್ತಿತ್ತು. ಕಲ್ಲಿನ ಕಂಬ ಕದಲುವುದಿಲ್ಲವಾದ್ದರಿಂದ ಎಕ್ಸ್‌ಪೋಷರ್ ನಿಮಿಷಗಳ ಕಾಲ ನಡೆದರೂ ತೊಂದರೆಯಿರಲಿಲ್ಲ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವೆಟ್ ಪ್ಲೇಟ್ ವಿಧಾನದಲ್ಲಿ ಎಕ್ಸ್‌ಪೋಷರ್ ಸೆಕೆಂಡುಗಳಿಗೆ ಇಳಿಯಿತು, ವಿವರವೂ ಬಹಳ ಸ್ಪಷ್ಟವಾಯಿತು. ಆದರೆ ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮುಂಚೆಯೇ ಚಿತ್ರ ತೆಗೆದು ಡೆವಲಪ್ ಮಾಡಬೇಕಿತ್ತು. ಹಾಗಾಗಿ ಕತ್ತಲೆ ಕೋಣೆಯೇ ಡೇರೆಯ ರೂಪದಲ್ಲಿ ಪಯಣಿಸಬೇಕಾಯಿತು. 1863ರಲ್ಲಿ ಶಿಮ್ಲಾದಿಂದ ಹಿಮಾಲಯಕ್ಕೆ ಹೊರಟ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ ಜೊತೆ ಗಾಜು, ರಾಸಾಯನಿಕ, ಡೇರೆ, ಕ್ಯಾಮೆರಾಗಳನ್ನು ಹೊತ್ತು ಸುಮಾರು 30 ಕೂಲಿಯಾಳುಗಳು ನಡೆದರು. 1866ರಲ್ಲಿ ಅವನು 18,000 ಅಡಿಗೂ ಎತ್ತರದ ಮಣಿರಂಗ್ ಕಣಿವೆಮಾರ್ಗದಲ್ಲಿ ಚಿತ್ರ ತೆಗೆದ. ಆ ಚಿತ್ರಗಳ ಕೀರ್ತಿಯಲ್ಲಿ, ಹೆಸರು ಉಳಿಯದ ಆ ಕೂಲಿಯಾಳುಗಳ ಶ್ರಮಕ್ಕೂ ಪಾಲಿದೆ.

ಈ ಹೊರೆ ಇಳಿಯಲು ರಸಾಯನಶಾಸ್ತ್ರ ಮುಂದುವರಿಯಬೇಕಾಯಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್ ಜೆಲಟಿನ್ ಲೇಪದ ಡ್ರೈ ಪ್ಲೇಟ್ ಸೂಚಿಸಿದ. ಆ ದಶಕ ಮುಗಿಯುವಷ್ಟರಲ್ಲಿ ಅದು ಸೆಕೆಂಡಿನ ಒಂದು ಪಾಲಿನಲ್ಲಿ ಚಿತ್ರ ಹಿಡಿಯುವಷ್ಟು ಚುರುಕಾಯಿತು. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಚಿತ್ರ ತೆಗೆಯುವುದು ಎಲ್ಲರಿಗೂ ಎಟುಕಿದ್ದು ಆಮೇಲೆ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡ್ಯಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದು ಡಾಲರ್. ಪ್ರವಾಸ ಹೊರಟ ಸಾಮಾನ್ಯರಿಗೆ ಟ್ರೈಪಾಡ್ ಬೇಕೇಬೇಕೆಂಬ ಕಾಲ ಮುಗಿಯಿತು. ಅದು ಬೇಕಾದಾಗ ಆರಿಸಿಕೊಳ್ಳುವ ಸಾಧನವಾಯಿತು.

ಲೆನ್ಸ್‌ಗಳೂ ಸಣ್ಣದಾದವು. ಕಾರ್ಲ್ ಝೈಸ್ ಕಂಪನಿಯ ಪೌಲ್ ರುಡಾಲ್ಫ್ 1902ರಲ್ಲಿ ರೂಪಿಸಿದ ಟೆಸ್ಸಾರ್, ನಾಲ್ಕೇ ಗಾಜುಗಳಿಂದ ಅಂಚಿನವರೆಗೂ ಹರಿತವಾದ ಬಿಂಬ ಕೊಟ್ಟಿತು. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ 1891ರಲ್ಲೇ ಬಂದಿತ್ತು. 1925ರ ಲೈಪ್‌ಝಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಜನರ ಮುಂದೆ ಬಂತು. ಓಸ್ಕರ್ ಬಾರ್ನಾಕ್ ಸಿನಿಮಾ ಫಿಲಂ ಬಳಸಿ ಅದನ್ನು ರೂಪಿಸಿದ್ದ. 36 ಮಿಮೀ ಅಗಲ, 24 ಮಿಮೀ ಎತ್ತರದ ಪುಟ್ಟ ನೆಗೆಟಿವ್ ತೆಗೆದು ಪ್ರಿಂಟಿನಲ್ಲಿ ದೊಡ್ಡದು ಮಾಡಿಕೊಳ್ಳುವುದು ಅವನ ಯೋಚನೆ. ಅದಕ್ಕೆ ಮ್ಯಾಕ್ಸ್ ಬೆರೆಕ್ 50 ಮಿಮೀ, ಎಫ್ 3.5ರ ಲೆನ್ಸ್ ಮಾಡಿಕೊಟ್ಟ. ಜೇಬಿಗೆ ಹಿಡಿಯುವ ಈ ಬಗೆಯ ಕ್ಯಾಮೆರಾ ಬೀದಿ, ಸಂತೆ, ಜಾತ್ರೆಗಳಲ್ಲಿ ಛಾಯಾಗ್ರಾಹಕನನ್ನು ಜನರ ನಡುವೆ ನಿಲ್ಲಿಸಿತು. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ಪತ್ರಿಕಾ ಛಾಯಾಗ್ರಾಹಕರು ಜನಜೀವನವನ್ನು ಹತ್ತಿರದಿಂದ ದಾಖಲಿಸಲು ಸಾಧ್ಯವಾದದ್ದು ಕೈಯಲ್ಲಿ ಹಿಡಿಯುವ ಕ್ಯಾಮೆರಾ ಕೊಟ್ಟ ಇದೇ ಸ್ವಾತಂತ್ರ್ಯದಿಂದ.

ಚೀಲದಲ್ಲಿರುವ ಲೆನ್ಸ್‌ಗಳ ಸಂಖ್ಯೆ ಇಳಿಯಲು ಇನ್ನೆರಡು ಬೆಳವಣಿಗೆ ಬೇಕಾದವು. ಗಾಜಿನ ಪ್ರತಿ ಮೇಲ್ಮೈಯೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಗಾಜುಗಳು ಹೆಚ್ಚಾದಂತೆ ಚಿತ್ರ ಮಂಕಾಗುತ್ತದೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದ ತೆಳು ಲೇಪ ಈ ನಷ್ಟವನ್ನು ತಗ್ಗಿಸಿತು. ಹತ್ತಾರು ಗಾಜುಗಳ ಝೂಮ್ ಲೆನ್ಸ್ ಬಳಕೆಗೆ ಯೋಗ್ಯವಾದದ್ದು ಈ ಲೇಪದಿಂದ. 1959ರಲ್ಲಿ 36ರಿಂದ 82 ಮಿಮೀವರೆಗಿನ ಫೋಗ್ಟ್‌ಲೆಂಡರ್ ಝೂಮರ್ ಸ್ಟಿಲ್ ಕ್ಯಾಮೆರಾಗಳಿಗೆ ಬಂತು. ಮೂರು ಲೆನ್ಸ್‌ಗಳ ಕೆಲಸವನ್ನು ಒಂದೇ ಲೆನ್ಸ್ ಮಾಡುವ ದಾರಿ ತೆರೆಯಿತು.

ಟ್ರೈಪಾಡಿನ ಕಥೆ ನಿಧಾನವಾಗಿ ಸಾಗಿತು. ಮರದ ನಂತರ ಬಹುಕಾಲ ಅಲ್ಯೂಮಿನಿಯಂ ಕೊಳವೆಗಳದ್ದೇ ಆಳ್ವಿಕೆ. 1917ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಗಿಟ್ಜೊ, ಇಟಲಿಯ ಲಿನೊ ಮನ್‌ಫ್ರೊಟ್ಟೊ ಕಟ್ಟಿದ ಸಂಸ್ಥೆ, ಇವೆರಡೂ ಈ ಕ್ಷೇತ್ರದ ದೊಡ್ಡ ಹೆಸರುಗಳಾದವು. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 64 ಅಥವಾ ಅದಕ್ಕೂ ಕಡಿಮೆ ಇರುವ ಬಣ್ಣದ ಸ್ಲೈಡ್ ಫಿಲಂ ಬಳಸುತ್ತಿದ್ದ ಕಾಲದಲ್ಲಿ, ಮುಂಜಾನೆಯ ಕಾಡಿನಲ್ಲಿ ಉದ್ದದ ಟೆಲಿಫೋಟೋ ಹಿಡಿದವರಿಗೆ ಗಟ್ಟಿ ಆಧಾರವಿಲ್ಲದೆ ಹರಿತವಾದ ಚಿತ್ರ ಸಿಗುತ್ತಿರಲಿಲ್ಲ. 1990ರ ದಶಕದಲ್ಲಿ ಗಿಟ್ಜೊ ಕಾರ್ಬನ್ ಫೈಬರ್ ಕಾಲುಗಳನ್ನು ತಂದಿತು. ಅಷ್ಟೇ ಗಟ್ಟಿತನಕ್ಕೆ ಇದು ಅಲ್ಯೂಮಿನಿಯಂಗಿಂತ ಹಗುರ, ಕಂಪನವೂ ಬೇಗ ಅಡಗುತ್ತದೆ. ಮುಂದೆ ಕಾಲುಗಳನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ತಲೆಯ ಸುತ್ತ ಮಡಚುವ ವಿನ್ಯಾಸ ಬಂತು. 2019ರಲ್ಲಿ ಪೀಕ್ ಡಿಸೈನ್ ಕಂಪನಿ, ಮಡಚಿದಾಗ ನಡುವೆ ಸಂದು ಉಳಿಯದಂತೆ ಕಾಲುಗಳ ಆಕಾರವನ್ನೇ ಬದಲಿಸಿತು. ಅದರ ಕಾರ್ಬನ್ ಮಾದರಿಯ ತೂಕ ಸುಮಾರು 1.27 ಕಿಲೋ, ಅಲ್ಯೂಮಿನಿಯಂ ಮಾದರಿಯದು 1.56 ಕಿಲೋ. ಮಡಚಿದರೆ 39 ಸೆಂಮೀ, ಬಿಚ್ಚಿದರೆ 152 ಸೆಂಮೀ.

ಇದೇ ಅವಧಿಯಲ್ಲಿ ಆಧಾರದ ಕೆಲಸದ ಒಂದು ಪಾಲು ಕ್ಯಾಮೆರಾದ ಒಳಗೇ ಸೇರಿತು. 1995ರಲ್ಲಿ ಕ್ಯಾನನ್ 75–300 ಮಿಮೀ ಲೆನ್ಸಿನಲ್ಲಿ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಅಳವಡಿಸಿತು. 2004ರಲ್ಲಿ ಕೊನಿಕಾ ಮಿನೋಲ್ಟಾ ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾದ ಸೆನ್ಸರನ್ನೇ ಅಲುಗಾಟಕ್ಕೆ ಎದುರಾಗಿ ಚಲಿಸುವಂತೆ ಮಾಡಿತು. 2008ರಲ್ಲಿ ಪ್ಯಾನಸೋನಿಕ್ ಜಿ1, ಬಿಂಬವನ್ನು ವ್ಯೂಫೈಂಡರಿಗೆ ತಿರುಗಿಸುತ್ತಿದ್ದ ಕನ್ನಡಿ ಮತ್ತು ಅದರ ಪೆಟ್ಟಿಗೆಯನ್ನು ತೆಗೆದುಹಾಕಿ ಮಿರರ್‌ಲೆಸ್ ಯುಗ ಆರಂಭಿಸಿತು. ಫಿಲಂ ಕಾಲದಲ್ಲಿ 200 ಮಿಮೀ ಲೆನ್ಸನ್ನು ಕೈಯಲ್ಲಿ ಹಿಡಿದರೆ ಶಟರ್ ವೇಗ ಸೆಕೆಂಡಿನ 200ನೇ ಒಂದು ಭಾಗಕ್ಕಿಂತ ನಿಧಾನ ಇರಬಾರದೆಂಬ ರೂಢಿಯ ನಿಯಮವಿತ್ತು. ಇಂದಿನ ಕ್ಯಾಮೆರಾಗಳಲ್ಲಿ ಅದಕ್ಕಿಂತ ಎಷ್ಟೋ ನಿಧಾನದ ವೇಗದಲ್ಲೂ ಚಿತ್ರ ಹರಿತವಾಗಿ ಬರುತ್ತದೆ. ಆದರೆ ಸ್ಟೆಬಿಲೈಸೇಷನ್ ತಡೆಯುವುದು ಹಿಡಿದವರ ಕೈನಡುಕವನ್ನು ಮಾತ್ರ. ಹಾರುವ ಹಕ್ಕಿಯನ್ನಾಗಲಿ ಗಾಳಿಗೆ ತೂಗುವ ಹೂವನ್ನಾಗಲಿ ಅದು ನಿಲ್ಲಿಸಲಾರದು. ಅಂಥಲ್ಲಿ ಬೇಕಾದದ್ದು ಹೆಚ್ಚು ಬೆಳಕು ಬಿಡುವ ಲೆನ್ಸ್, ಇಲ್ಲವೇ ಹೆಚ್ಚಿನ ಐಎಸ್‌ಒ.

ಆದ್ದರಿಂದ ಹೊಸ ಸಲಕರಣೆ ಆರಿಸುವಾಗ ಮೊದಲು ತೀರ್ಮಾನವಾಗಬೇಕಾದದ್ದು ಚಿತ್ರದ ವಸ್ತು. ಅದರ ಬೆನ್ನಿಗೆ ಲೆನ್ಸ್. ಲೆನ್ಸಿನ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಗಿಲಿನ ಅಗಲ ಸಿಗುತ್ತದೆ. 200 ಮಿಮೀ ಲೆನ್ಸಿಗೆ ಎಫ್ 2.8ರಲ್ಲಿ ಅದು ಸುಮಾರು 71 ಮಿಮೀ, ಎಫ್ 4ರಲ್ಲಿ 50 ಮಿಮೀ. ಮುಂದಿನ ಗಾಜು ಅಷ್ಟಾದರೂ ಅಗಲ ಇರಲೇಬೇಕು. ಯಾವ ಕಂಪನಿಯೂ ಈ ನಿಯಮ ಮೀರಲಾರದು. ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳ 70–200 ಮಿಮೀ ಲೆನ್ಸ್ ಎಫ್ 2.8ರ ಮಾದರಿಯಲ್ಲಿ 1,070 ಗ್ರಾಂ, ಎಫ್ 4ರ ಮಾದರಿಯಲ್ಲಿ 695 ಗ್ರಾಂ ತೂಗುವುದು ಈ ಕಾರಣಕ್ಕೆ. ಹಗಲಿನ ಬೆಟ್ಟ, ದೇಗುಲ, ಊರುಗಳ ಚಿತ್ರಕ್ಕೆ ಹಗುರವಾದದ್ದು ಸಾಕು. ಸಂಜೆಗತ್ತಲಿನ ಯಕ್ಷಗಾನಕ್ಕೋ ಕಾಡಿನ ಪ್ರಾಣಿಗೋ ಆ ಹೆಚ್ಚುವರಿ ಭಾರ ಸಾರ್ಥಕ. ಒಂದೇ ಲೆನ್ಸಿನಲ್ಲಿ ಪ್ರವಾಸ ಮುಗಿಸುವವರಿಗೆ 24ರಿಂದ 105 ಮಿಮೀ ವ್ಯಾಪ್ತಿಯ ಝೂಮ್ ಒಳ್ಳೆಯ ಜೊತೆ. ಮಂದ ಬೆಳಕಿಗೆಂದು 35 ಅಥವಾ 50 ಮಿಮೀಯ ಪುಟ್ಟ ಪ್ರೈಮ್ (ಝೂಮ್ ಇಲ್ಲದ) ಲೆನ್ಸನ್ನು ಅದಕ್ಕೆ ಸೇರಿಸಬಹುದು. ಮಲೆನಾಡು, ಕರಾವಳಿಗಳ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯ ಖರ್ಚನ್ನೂ ಲೆನ್ಸಿನ ಬೆಲೆಯೊಡನೆ ಎಣಿಸಬೇಕು.

ಟ್ರೈಪಾಡ್ ಬೇಕೇ ಎಂಬ ಪ್ರಶ್ನೆ ಆಮೇಲಿನದು. ಮಳೆಗಾಲದ ಜಲಪಾತವನ್ನು ಹಾಲಿನಂತೆ ಹರಿಸಿ ತೋರಿಸಲು, ನಕ್ಷತ್ರಗಳ ಚಿತ್ರ ತೆಗೆಯಲು, ಸಂಜೆಯ ನಗರವನ್ನು ಕಡಿಮೆ ಐಎಸ್‌ಒದಲ್ಲಿ ಹಿಡಿಯಲು ಅದು ಇಂದಿಗೂ ಬೇಕು. ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾದ್ದರಿಂದ, ಹಂಪಿ, ಬೇಲೂರುಗಳಿಗಷ್ಟೇ ಹೊರಟವರು ಆ ಹಣವನ್ನು ಲೆನ್ಸಿಗೆ ಹಾಕುವುದು ಮೇಲು.

ಕೊಳ್ಳುವಾಗ ನೋಡಬೇಕಾದ ಅಂಶಗಳು ಕೆಲವೇ. ಕಾಲಿನ ಭಾಗಗಳು ಹೆಚ್ಚಿದಷ್ಟೂ ಟ್ರೈಪಾಡ್ ಗಿಡ್ಡಗೆ ಮಡಚಿಕೊಳ್ಳುತ್ತದೆ, ಆದರೆ ಕೆಳಗಿನ ಕೊಳವೆ ತೆಳುವಾಗಿ ಗಾಳಿಗೆ ನಡುಗುತ್ತದೆ. ನಡುಗಂಬವನ್ನು ಪೂರ್ತಿ ಎತ್ತಿದರೆ ಮೂರು ಕಾಲುಗಳ ಮೇಲೆ ಒಂಟಿ ಕೋಲು ನಿಂತಂತಾಗುತ್ತದೆ. ಹಾಗಾಗಿ ಗರಿಷ್ಠ ಎತ್ತರವನ್ನು ನಡುಗಂಬ ಬಿಟ್ಟು ಅಳೆಯಬೇಕು. ಎಷ್ಟು ಕಿಲೋ ಹೊರುತ್ತದೆಂಬ ಅಂಕಿಯನ್ನು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಕೊಡುವುದರಿಂದ ಆ ಒಂದನ್ನೇ ನೆಚ್ಚಬಾರದು. ಅಂಗಡಿಯಲ್ಲೇ ಕಾಲುಗಳನ್ನು ಪೂರ್ತಿ ಎಳೆದು, ಮೇಲೆ ತನ್ನ ಅತಿ ಭಾರದ ಲೆನ್ಸ್ ಕೂರಿಸಿ, ಲೆನ್ಸಿನ ತುದಿಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ, ಕಂಪನ ಎಷ್ಟು ಬೇಗ ಅಡಗುತ್ತದೆಂದು ಪರದೆಯಲ್ಲಿ ನೋಡುವುದು ಹೆಚ್ಚು ನಂಬಬಹುದಾದ ಪರೀಕ್ಷೆ. ಕ್ಯಾಮೆರಾ ಕೂರಿಸುವ ಬಾಲ್ ಹೆಡ್ಡಿನ ಪ್ಲೇಟು ಅರ್ಕಾ ಸ್ವಿಸ್ ಮಾದರಿಯದಾದರೆ ಬೇರೆ ಕಂಪನಿಗಳ ಪ್ಲೇಟುಗಳೂ ಸಾಮಾನ್ಯವಾಗಿ ಕೂರುತ್ತವೆ. ಕಾರ್ಬನ್‌ಗೆ ಹಣ ಸಾಲದಿದ್ದರೆ, ತೀರ ಅಗ್ಗದ ಕಾರ್ಬನ್‌ಗಿಂತ ಒಳ್ಳೆಯ ಅಲ್ಯೂಮಿನಿಯಂ ಟ್ರೈಪಾಡೇ ವಾಸಿ.

ಕಡೆಯ ಲೆಕ್ಕ ಒಟ್ಟು ತೂಕದ್ದು. ಕ್ಯಾಮೆರಾ, ಲೆನ್ಸ್, ಟ್ರೈಪಾಡ್, ಬ್ಯಾಟರಿ, ಚಾರ್ಜರುಗಳನ್ನು ಚೀಲಕ್ಕೆ ತುಂಬಿ ತೂಗಿ, ಇಡೀ ದಿನ ಹೊತ್ತು ನಡೆಯಬಲ್ಲಷ್ಟು ಇದೆಯೇ ಎಂದು ನೋಡಬೇಕು. ಹೆಚ್ಚಾದರೆ ಎಲ್ಲದರಲ್ಲೂ ಚೂರುಚೂರು ರಾಜಿ ಮಾಡಿಕೊಳ್ಳುವ ಬದಲು, ಹೋಗುವ ಜಾಗದ ಬೆಳಕಿಗೂ ವಸ್ತುವಿಗೂ ಬೇಡವಾದ ಒಂದು ಸಲಕರಣೆಯನ್ನು ಪೂರ್ತಿಯಾಗಿ ಮನೆಯಲ್ಲೇ ಬಿಡುವುದು ಸರಿ. ಉಳಿದವು ಆಗ ತಮ್ಮ ಕೆಲಸವನ್ನು ಪೂರ್ಣವಾಗಿ ಮಾಡುತ್ತವೆ.