ಓಟು ಕೇಳಲು ಬಂದವರನ್ನು ಸಾಲದ ಬಗ್ಗೆ ಕೇಳೋಣ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಈ ಶುಭ ದಿನ ಸಂಘವನ್ನು ಹೊಗಳುವ ಮಾತು ಬೇಕಾದಷ್ಟು ಆಗಿದೆ. ನಾವು ಸಾಲದ ವಿಚಾರ ಮತ್ತು ಓಟಿನ ವಿಚಾರ ಸೇರಿಸಿ ಎರಡು ಮಾತು ಹೇಳುತ್ತೇವೆ. ಇದು ಸಹಕಾರದ ವೇದಿಕೆ. ಆದ್ದರಿಂದ ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತ ಪಾರಾಗಲಿ ಅನ್ನೋದೇ ಸಹಕಾರ ಸಂಘಗಳ ಉದ್ದೇಶ. ಆದರೆ ಆ ಬಡ್ಡಿ ಇನ್ನೂ ಊರು ಬಿಟ್ಟಿಲ್ಲ, ವೇಷ ಬದಲಿಸಿದೆ ಅಷ್ಟೆ. ಈಗ ಮೀಟರ್ ಬಡ್ಡಿ, ವಾರದ ಕಂತು, ಮೊಬೈಲ್ ಸಾಲ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಅಂದರೆ ಕಡಿಮೆ ಅನ್ನಿಸುತ್ತೆ. ವರ್ಷಕ್ಕೆ ಲೆಕ್ಕ ಹಾಕಿ, ನೂರಕ್ಕೆ 60 ಆಯಿತು. 10,000 ಬರೆಸಿಕೊಂಡು 1,000 ಮೊದಲೇ ಮುರಿದುಕೊಂಡರೆ ಕೈಗೆ ಬಂದದ್ದು 9,000, ಬಡ್ಡಿ ಬೀಳೋದು 10,000ಕ್ಕೆ.

ಚುನಾವಣೆ ಬಂತೆಂದರೆ ಸಾಲ ಮನ್ನಾದ ಮಾತು ಬರುತ್ತದೆ. 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲ 50,000 ರೂ.ವರೆಗೆ ಮನ್ನಾ ಆಯಿತು. 2018ರ ಚುನಾವಣೆ ಆದ ಮೇಲೆ 1 ಲಕ್ಷದವರೆಗೆ ಆಯಿತು. ರೈತರಿಗೆ ಅನುಕೂಲ ಆಗಿದೆ, ಇಲ್ಲ ಅನ್ನೋದಿಲ್ಲ. ಆದರೆ ಅದು ಪಹಣಿ ಇದ್ದವರ ಬೆಳೆ ಸಾಲ. ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಗಳು ಮಗಳ ಫೀಸಿಗೋ ಆಸ್ಪತ್ರೆಗೋ ವಾರದ ಕಂತಿಗೆ ತಂದ ಸಾಲ ಯಾವ ಮನ್ನಾದಲ್ಲೂ ಬರಲಿಲ್ಲ.

2025ರ ಆರಂಭದಲ್ಲಿ ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಮೇಲೆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಅದುವರೆಗೆ ಕೊಟ್ಟ ಸಾಲ ತೀರಿತೆಂದೇ ಲೆಕ್ಕ. ನೋಂದಣಿ ಇರುವ ಕಂಪನಿಯ ಸಾಲಕ್ಕೆ ಈ ಮಾತಿಲ್ಲ. ಅವರಿಗೆ ರಿಸರ್ವ್ ಬ್ಯಾಂಕ್ ನಿರ್ದೇಶನ ಉಂಟು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಪೀಡಿಸಬಾರದು. ತಾಯಂದಿರೇ, ಇದನ್ನು ನೆನಪಿಡಿ.

ಇನ್ನು ದೊಡ್ಡ ಕಂಪನಿಗಳ ಹಣ. ಸಾಲ ಕೊಡುವವರಿಗೆ ಕಡಿವಾಣ ಹಾಕಬೇಕಾದವರು ನಾವು ಆರಿಸಿದವರೇ ತಾನೆ? ಅವರ ಪಕ್ಷಗಳ ಖರ್ಚು ಯಾರು ಕೊಡ್ತಾರೆ? ಮೊದಲು ಕಂಪನಿಯೊಂದು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದರು. 2018ರಲ್ಲಿ ಚುನಾವಣಾ ಬಾಂಡ್ ಬಂತು, ಕೊಟ್ಟವರ ಹೆಸರು ಜನರಿಗೆ ಗೊತ್ತಾಗದಂತೆ. ನಮ್ಮ ರಾಜ್ಯದ 2018 ಮತ್ತು 2023ರ ವಿಧಾನಸಭಾ ಚುನಾವಣೆ ಎರಡೂ ಹಾಗೇ ನಡೆದವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ, ಮಾರ್ಚ್‌ನಲ್ಲಿ ಹೆಸರುಗಳು ಹೊರಗೆ ಬಂದವು. ಅಷ್ಟರಲ್ಲಿ ನಾವು ಎರಡು ಸಲ ಓಟು ಹಾಕಿ ಆಗಿತ್ತು. ನಮ್ಮ ಈ ಸಣ್ಣ ಸಂಘ ವರ್ಷಾವರಿ ಆಡಿಟ್ ಮಾಡಿಸಿ ಮಹಾಸಭೆಗೆ ಲೆಕ್ಕ ಒಪ್ಪಿಸಬೇಕು. ರಾಜ್ಯ ಆಳುವವರು ತಮಗೆ ಹಣ ಎಲ್ಲಿಂದ ಬಂತು ಅಂತ ಓಟಿಗೆ ಮುಂಚೆ ಹೇಳಿದರೆ ತಪ್ಪೇನು?

ಆದ್ದರಿಂದ ಮುಂದಿನ ವಿಧಾನಸಭಾ ಚುನಾವಣೆಗೆ ಯಾರೇ ಬರಲಿ, ನೀರು ಮಜ್ಜಿಗೆ ಕೊಟ್ಟು ಕೂರಿಸಿ ಮೂರು ಪ್ರಶ್ನೆ ಕೇಳೋಣ. ಬಲವಂತದ ವಸೂಲಿ ಅಂತ ದೂರು ಕೊಟ್ಟರೆ ನಮ್ಮ ಠಾಣೆಯಲ್ಲಿ ಬರೆದುಕೊಳ್ಳುವಂತೆ ನೋಡಿಕೊಳ್ತೀರಾ? ಪಹಣಿ ಇಲ್ಲದ ಸದಸ್ಯೆಯರಿಗೆ ಸ್ವಸಹಾಯ ಗುಂಪಿನ ಮೂಲಕ ಸಾಲ ಕೊಡಲು ಸಂಘಗಳಿಗೆ ಹಣ ಒದಗಿಸ್ತೀರಾ? ನಿಮ್ಮ ಪಕ್ಷಕ್ಕೆ ಹಣ ಕೊಟ್ಟವರು ಯಾರು?

ಸಂಘದ ಕೆಲಸವೂ ಇದೆ. ಸಕಾಲಕ್ಕೆ ಸಾಲ ಸಿಕ್ಕಿದರೆ ಜನ ಮೀಟರ್ ಬಡ್ಡಿಯವರ ಬಾಗಿಲಿಗೆ ಯಾಕೆ ಹೋಗ್ತಾರೆ? ಸಕಾಲಕ್ಕೆ ಮರುಪಾವತಿ ಆದರೆ ತಾನೆ ಇನ್ನೊಬ್ಬರಿಗೆ ಕೊಡಲು ಸಾಧ್ಯ? ಇದು ನಮ್ಮ ನಿಮ್ಮ ಇಬ್ಬರ ಕೈಲೂ ಇದೆ.



ಜೈ ಸಹಕಾರ, ಜೈ ಕರ್ನಾಟಕ.