ತ್ಯಾಗದ ಪಾಲು ಯಾರದು?

 

ಹಿಜರಿ 18ರ ಬರಗಾಲದಲ್ಲಿ ಖಲೀಫಾ ಹಜ್ರತ್ ಉಮರ್ (ರ) ಅವರು ಜನರಿಗೆ ತುಪ್ಪ ಸಿಗುವವರೆಗೆ ತಾವೂ ಮುಟ್ಟಲಿಲ್ಲ, ಎಣ್ಣೆಯಲ್ಲೇ ದಿನ ಕಳೆದರು. 1965ರಲ್ಲಿ ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿದ ಶಾಸ್ತ್ರೀಜಿಯವರು ಮೊದಲು ತಮ್ಮ ಮನೆಯಲ್ಲೇ ಬಿಡಿಸಿ ನೋಡಿದರಂತೆ.

2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲ ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಏರಿಸಿಕೊಂಡಿತು. ಆಗ ಎದ್ದು ನಿಂತು ಬೇಡವೆಂದವರು ಯಾರು ಎಂದು ನೀವು ವಿಚಾರಿಸಿದ್ದೀರಾ?

ಮತ ಕೇಳಲು ಬಂದವರಿಗೆ ಈ ಪ್ರಶ್ನೆ ಹಾಕಿ. 2003ರಿಂದ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಹಿಂದಿನ ಚುನಾವಣೆಯದರೊಂದಿಗೆ ಹೋಲಿಸಿ. ಕಾಗದ ಎಲ್ಲವನ್ನೂ ಹೇಳದು, ನಿಜ. ಆದರೆ ಇಫ್ತಾರ್ ಕೂಟದ ಬಿರಿಯಾನಿಗಿಂತ ಹೆಚ್ಚೇ ಹೇಳುತ್ತದೆ! ಓದು ಬಾರದ ಅಮ್ಮನಿಗೆ ಹೈಸ್ಕೂಲಿನ ಮಗಳು ಅದನ್ನು ಓದಿ ಹೇಳಲಿ.