ಗಂಡು ಮೀನಿನ ಆಯ್ಕೆ: ನೆನಪೋ, ಮೈಯ ಲೆಕ್ಕವೋ?

ಲೈಂಗಿಕ ಆಯ್ಕೆಯ ಬಗ್ಗೆ ಡಾರ್ವಿನ್ 1871ರಲ್ಲಿ ಬರೆದದ್ದನ್ನೂ 1948ರಲ್ಲಿ ಬೇಟ್‌ಮನ್ ಹಣ್ಣುನೊಣಗಳಲ್ಲಿ ಕಂಡದ್ದನ್ನೂ ಪಠ್ಯಪುಸ್ತಕಗಳು ಚೆನ್ನಾಗಿಯೇ ವಿವರಿಸುತ್ತವೆ. ಅವನ್ನು ಇಲ್ಲಿ ಬೆಳೆಸುವುದಿಲ್ಲ. ಆ ಪಾಠದಿಂದ ಒಂದು ನಂಬಿಕೆ ಬೇರೂರಿತು: ವೀರ್ಯ ಅಗ್ಗ, ಹಾಗಾಗಿ ಗಂಡು ಸಿಕ್ಕ ಹೆಣ್ಣನ್ನೆಲ್ಲ ಬೆನ್ನುಹತ್ತುತ್ತದೆ, ಆರಿಸುವ ಕೆಲಸ ಹೆಣ್ಣಿನದು. ಮೀನುಗಳಲ್ಲಿ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಗಂಡೂ ಆರಿಸುತ್ತದೆ, ಹಿಂದಿನ ಅನುಭವ ಮುಂದಿನ ಆಯ್ಕೆಯನ್ನು ತಿದ್ದುತ್ತದೆ. ತಿದ್ದುವುದು ಯಾವ ದಾರಿಯಿಂದ ಎಂಬಲ್ಲಿಯೇ ವಿವಾದ.

ಗಪ್ಪಿಯನ್ನು ನೋಡಿ. ಸೊಳ್ಳೆ ಮರಿ ತಿನ್ನಲೆಂದು ಕರ್ನಾಟಕದ ಬಾವಿಗಳಿಗೂ ಬಿಟ್ಟಿರುವ ಈ ಮೀನಿಗೆ ಟ್ರಿನಿಡಾಡ್ ದ್ವೀಪದ ತೊರೆಗಳು ತವರು. ಗಂಡು ಹೆಣ್ಣಿನೆದುರು ಬಂದು ಮೈಯನ್ನು ಕೊಕ್ಕೆಯಂತೆ ಬಾಗಿಸಿ ಗಡಗಡ ಅದುರಿಸುತ್ತದೆ. ಅದು ಫಲಿಸದಿದ್ದರೆ ಹಿಂದಿನಿಂದ ನುಸುಳುತ್ತದೆ. ಹೊತ್ತು, ಮೇವು, ಪ್ರಾಣ ಮೂರನ್ನೂ ಪಣಕ್ಕಿಡುವ ಈ ಕೆಲಸ ಅಗ್ಗದ್ದಲ್ಲ. ಆ ದ್ವೀಪದ ಕೆಲವೆಡೆ ಪಿಕ್ಟಾ ಎಂಬ ಹತ್ತಿರದ ಪ್ರಭೇದವೂ ಇದೆ. ಆನ್ ಮಗುರನ್ ಮತ್ತು ಇಂದರ್ ರಾಮ್ನರೀನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಕ್ಟಾವನ್ನು ಕಂಡರಿಯದ ನೆಲೆಯ ಗಂಡು ಗಪ್ಪಿಗಳು ಮೊದಮೊದಲು ಎರಡೂ ಬಗೆಯ ಹೆಣ್ಣುಗಳ ಹಿಂದೆ ಹೋದವು. ಕೆಲವು ದಿನ ಒಟ್ಟಿಗಿದ್ದ ಮೇಲೆ ತಮ್ಮ ಪ್ರಭೇದದ ಕಡೆಗೇ ತಿರುಗಿದವು.

ಇದರಲ್ಲಿ ಕಲಿಕೆಯೇನಿಲ್ಲ, ಬರೀ ದಣಿವು ಎನ್ನುವವರಿದ್ದಾರೆ. ವೀರ್ಯ ಬರಿದಾದ ಗಂಡು ಹಿಂದೆ ಸರಿಯುವುದಕ್ಕೆ ನಾವು ನೆನಪೆಂಬ ದೊಡ್ಡ ಹೆಸರಿಡುತ್ತೇವಂತೆ. ಈ ವಾದವನ್ನು ನಾನು ಒಪ್ಪಲಾರೆ. ದಣಿವೇ ಆಗಿದ್ದರೆ ಎರಡೂ ಹೆಣ್ಣುಗಳ ಮೇಲಿನ ಆಸೆ ಒಟ್ಟಿಗೇ ಇಳಿಯಬೇಕಿತ್ತು. ಇಳಿದದ್ದು ಒಂದರ ಮೇಲೆ ಮಾತ್ರ. ಅವರ ಮರುವಾದ ಇದಕ್ಕಿಂತ ಗಟ್ಟಿ: ಬರಿದಾದ ಗಂಡು ಉಳಿದಷ್ಟನ್ನು ತಕ್ಕ ಹೆಣ್ಣಿಗೆ ಮೀಸಲಿಟ್ಟರೂ ಹೊರಗೆ ಹೀಗೆಯೇ ಕಾಣುತ್ತದೆ. ಈ ಮಾತನ್ನು ತಳ್ಳಿಹಾಕಲಾಗದು, ಏಕೆಂದರೆ ಮೈ ತನ್ನದೇ ಲೆಕ್ಕ ಇಡುವುದಕ್ಕೆ ಸಾಕ್ಷಿಯಿದೆ. ಕಡಲಕುದುರೆಯ ಬಂಧುವಾದ ಪೈಪ್‌ಫಿಶ್‌ನಲ್ಲಿ ಬಸಿರು ಹೊರುವುದು ಗಂಡು. ಮೆಕ್ಸಿಕೊ ಕೊಲ್ಲಿಯ ಪ್ರಭೇದವೊಂದನ್ನು ಪರೀಕ್ಷಿಸಿ ಪಾಕ್ಝೋಲ್ಟ್ ಮತ್ತು ಜೋನ್ಸ್ 2010ರಲ್ಲಿ ತೋರಿಸಿದಂತೆ, ದೊಡ್ಡ ಹೆಣ್ಣಿನ ಮೊಟ್ಟೆಗಳು ಗಂಡಿನ ಚೀಲದಲ್ಲಿ ಹೆಚ್ಚು ಉಳಿಯುತ್ತವೆ. ಹಿಂದಿನ ಬಸಿರಿನಲ್ಲಿ ಹೆಚ್ಚು ಭ್ರೂಣಗಳು ಉಳಿದಿದ್ದರೆ ಈ ಬಾರಿ ಉಳಿಯುವುದು ಕಡಿಮೆ. ಇದು ಮಿಲನದ ನಂತರದ ಆಯ್ಕೆ. ಇದಕ್ಕೆ ತಲೆಯಲ್ಲಿ ನೆನಪು ಬೇಕಿಲ್ಲ. ಚೀಲವೇ ಹಳೆಯ ಖರ್ಚನ್ನು ಬರೆದಿಟ್ಟುಕೊಂಡಿದೆ.

ಹೀಗಾಗಿ 'ಅನುಭವ' ಎಂಬ ಒಂದೇ ಪದದಡಿ ಎರಡು ಸಂಗತಿಗಳನ್ನು ತುರುಕುವುದು ತಪ್ಪು ಎಂಬುದು ನನ್ನ ನಿಲುವು. ಬೇರ್ಪಡಿಸುವ ದಾರಿ ಕಷ್ಟದ್ದೇನಲ್ಲ. ಒಂದು ಗುಂಪಿನ ಗಂಡುಗಳನ್ನು ಹೆಣ್ಣುಗಳ ಜೊತೆ ಬಿಡಿ. ಇನ್ನೊಂದನ್ನು ಗಾಜಿನ ಅಡ್ಡಗೋಡೆಯಾಚೆ ಇರಿಸಿ, ನೋಟ ಮಾತ್ರ ಸಿಗಲಿ. ಆಮೇಲೆ ಎರಡಕ್ಕೂ ವೀರ್ಯ ತುಂಬಿಕೊಳ್ಳುವಷ್ಟು ಬಿಡುವು ಕೊಟ್ಟು ಆಯ್ಕೆಗೆ ನಿಲ್ಲಿಸಿ. ದಣಿವಿನ ಗುರುತು ಬಿಡುವಿನಲ್ಲಿ ಅಳಿಯುತ್ತದೆ, ಕಲಿತದ್ದು ಉಳಿಯುತ್ತದೆ. ಗಂಡು ಕೊನೆಯ ಸಲ ಕೂಡಿದ್ದು ಎಂದು, ಯಾರೊಡನೆ ಎಂಬ ದಾಖಲೆಯಿಲ್ಲದ ಪ್ರಯೋಗದಿಂದ ಗಂಡಿನ ಒಲವಿನ ಬಗ್ಗೆ ತೀರ್ಪು ಕೊಡಬಾರದು.